ಬೇಡುವ ಕೈಗಳು ದುಡಿಯಲಿ



ಭಾನುವಾರದ ಬಲಿಪೂಜೆಯಲ್ಲಿ ರೋಗಿಗಳಿಗಾಗಿ, ರೈತರಿಗಾಗಿ, ಕೆಲಸವಿಲ್ಲದವರಿಗಾಗಿ ಪ್ರಾರ್ಥಿಸುತ್ತೇವೆ. ದೇವಾಲಯದ ಹೊಸ್ತಿಲು ದಾಟಿದ ಮೇಲೆ ಅವರನ್ನು ನೆನೆಯುತ್ತೇವೆಯೇ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಕಂಪ್ಲಿಯ ಭತ್ತದ ಗದ್ದೆಗಳಿಂದ ಆಂಧ್ರದವರೆಗೆ ರೈತರು ಕಂಗಾಲಾದರು. ನೀರು ಉಳಿಯಲಿ ಎಂಬುದೇ ಎಲ್ಲರ ಮೊರೆ. ಅತ್ತ ಹೊಸಪೇಟೆಯಲ್ಲೂ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲೂ ಉಕ್ಕಿನ ತಡೆಹಲಗೆಗಳು ಸಿದ್ಧವಾದವು. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಧುಮ್ಮಿಕ್ಕುವ ನೀರಿನಲ್ಲೇ ಅವನ್ನು ಒಂದೊಂದಾಗಿ ಇಳಿಸಿದರು. ಆಗಸ್ಟ್ 17ರ ಹೊತ್ತಿಗೆ ನೀರು ಹತೋಟಿಗೆ ಬಂತು. ದೇವರ ಉತ್ತರ ಆ ಕೈಗಳ ಮೂಲಕವೇ ಬರಲಿಲ್ಲವೇ?

ಪ್ರಾರ್ಥನೆ ದೇವರ ಸಂಕಲ್ಪವನ್ನು ಬದಲಿಸಲೆಂದಲ್ಲ. ನಮ್ಮ ಬೇಡಿಕೆ, ದುಡಿಮೆಗಳ ಮೂಲಕವೇ ಕೆಲವನ್ನು ಕೊಡಬೇಕೆಂಬುದು ಆತನ ಸಂಕಲ್ಪ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಹಸಿದವರನ್ನು ಬರಿಯ ಹಾರೈಕೆಯಿಂದ ಕಳುಹಿಸಿದರೆ ಫಲವೇನೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ (2:15-16) ಕೇಳುತ್ತಾರೆ.

ಆದ್ದರಿಂದ ರೋಗಿಗಾಗಿ ಪ್ರಾರ್ಥಿಸಿದವರು ಗಂಜಿ ಕೊಂಡೊಯ್ಯಿರಿ, ಆಸ್ಪತ್ರೆಗೆ ಜೊತೆಯಾಗಿ ಹೋಗಿ. ನಿರುದ್ಯೋಗಿಗಾಗಿ ಬೇಡಿದವರು ಪರಿಚಿತರಲ್ಲಿ ಒಂದು ಮಾತು ಆಡಿ. ಮನಸ್ತಾಪ ಅಳಿಯಲೆಂದು ಬೇಡಿದವರು ಮೊದಲು ಮಾತಾಡಿಸಿ.

ನಮ್ಮ ಕೈಗೆ ಮೀರಿದವೂ ಉಂಟು. ಮಳೆ ನಮ್ಮದಲ್ಲ, ಆಯುಸ್ಸೂ ನಮ್ಮದಲ್ಲ. ಆಗಲೂ ನೊಂದವರ ಪಕ್ಕದಲ್ಲಿ ಕುಳಿತುಕೊಳ್ಳುವುದು ನಮ್ಮ ಪಾಲಿನ ಕೆಲಸ. ಉಳಿದುದನ್ನು ದೇವರಿಗೆ ಒಪ್ಪಿಸೋಣ.

ಇಂದು ಸಂಜೆ ಜಪಸರದ ನಂತರ ಮನೆಮಂದಿಯೆಲ್ಲ ಕೇಳಿಕೊಳ್ಳಿ: ನಾವು ಬೇಡಿದ್ದರಲ್ಲಿ ನಾವೇ ಮಾಡಬೇಕಾದದ್ದು ಯಾವುದು?