ಸೇತುವೆಯ ಮೇಲೊಂದು ಕಲಾಶಾಲೆ

ಸೇತುವೆಯು ದಾಟಿಹೋಗುವ ಸ್ಥಳವೇ ಹೊರತು ನೆಲೆಸುವ ಸ್ಥಳವಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಯುರೋಪಿನ ಕೆಲವು ಪ್ರಾಚೀನ ನಗರಗಳಲ್ಲಿ ಜನರು ಸೇತುವೆಗಳ ಮೇಲೆಯೇ ಮನೆ, ಅಂಗಡಿಗಳನ್ನು ಕಟ್ಟಿಕೊಂಡು ಬಾಳಿದರು. ಅಂತಹ ಸೇತುವೆಯೊಂದರ ಮೇಲೆ ಕಲಾಶಾಲೆಯನ್ನು ನಿರ್ಮಿಸುವುದಾದರೆ ವಾಸ್ತುಶಿಲ್ಪಿಯು ಏನನ್ನು ಆಲೋಚಿಸಬೇಕು? 1563ರಲ್ಲಿಯೇ ಕಲಾ ಅಕಾಡೆಮಿಯನ್ನು ಸ್ಥಾಪಿಸಿದ ಇಟಲಿಯ ಫ್ಲಾರೆನ್ಸ್ ನಗರವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಮೊದಲನೆಯದು ನೀರಿನ ದಾರಿ. 1333ರ ಪ್ರವಾಹವು ಆರ್ನೋ ನದಿಯ ಹಳೆಯ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. 1345ರಲ್ಲಿ ಪೂರ್ಣಗೊಂಡ ಪಾಂಟೆ ವೆಕ್ಕಿಯೋ ಸೇತುವೆಗೆ ಮೂರೇ ಕಮಾನುಗಳು. ನಡುವಿನದರ ಅಗಲ ಸುಮಾರು 30 ಮೀಟರು. ಈ ಕಮಾನುಗಳು ಅರ್ಧವೃತ್ತವಾಗಿರದೆ ತಗ್ಗಾಗಿ ಚಾಚಿಕೊಂಡಿವೆ. ಇಂತಹ ಕಮಾನು ಪಕ್ಕಕ್ಕೆ ಹೆಚ್ಚು ಒತ್ತುವುದರಿಂದ ದಂಡೆಯ ಆಧಾರವು ಬಲವಾಗಿರಬೇಕು; ಆದರೆ ನದಿಯೊಳಗೆ ಎರಡೇ ಕಂಬಗಳು ಸಾಕಾಗುತ್ತವೆ. 1209ರಲ್ಲಿ ಮುಗಿದ ಲಂಡನ್ ಸೇತುವೆಯಾದರೋ ಹತ್ತೊಂಬತ್ತು ಕಂಬಗಳಿಂದ ಥೇಮ್ಸ್ ನದಿಯನ್ನು ತಡೆಯಿತು. ಕಂಬಗಳ ನಡುವೆ ನೀರು ಭೋರ್ಗರೆದು ಧುಮುಕುತ್ತಿದ್ದುದರಿಂದ ದೋಣಿಗಳಿಗೆ ಅಪಾಯವಾಗುತ್ತಿತ್ತು.

ಎರಡನೆಯದು ಬೆಂಕಿಯ ಭಯ. 1633ರಲ್ಲಿ ಲಂಡನ್ ಸೇತುವೆಯ ಉತ್ತರ ಭಾಗದ ಮನೆಗಳು ಸುಟ್ಟುಹೋದವು. ಬಣ್ಣ, ಎಣ್ಣೆ, ಕಾಗದಗಳು ತುಂಬಿರುವ ಕಲಾಶಾಲೆಗೆ ಎರಡು ದಂಡೆಗಳ ಕಡೆಗೂ ಹೊರದಾರಿ ಇರಲೇಬೇಕು.

ಮೂರನೆಯದು ಬೆಳಕು. ಫ್ಲಾರೆನ್ಸಿನಲ್ಲಿ ಆರ್ನೋ ನದಿಯು ಸುಮಾರಾಗಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವುದರಿಂದ ಸೇತುವೆಯ ಪಕ್ಕದ ಕಿಟಕಿಗಳಿಗೆ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಬಿಸಿಲು ನೇರವಾಗಿ ಬೀಳುವುದು. ಚಿತ್ರ ಬರೆಯುವವರಿಗೆ ಬೇಕಾದುದು ಬದಲಾಗದ ಬೆಳಕು. ಆದುದರಿಂದ ಮಾಡಿನಲ್ಲಿ ಉತ್ತರಕ್ಕೆ ಮುಖಮಾಡಿದ ಕಿಟಕಿಗಳನ್ನಿಡುವುದು ಲೇಸು.

ನಾಲ್ಕನೆಯದು ಜನರ ಹಕ್ಕು. 1565ರಲ್ಲಿ ವಸಾರಿ ಎಂಬ ಶಿಲ್ಪಿಯು ಅರಸನ ಸಂಚಾರಕ್ಕಾಗಿ ಅಂಗಡಿಗಳ ಮೇಲೆ ಓಣಿಯೊಂದನ್ನು ಕಟ್ಟಿದನು. ಕೆಳಗಿನ ಬೀದಿ ಜನರದಾಗಿಯೇ ಉಳಿಯಿತು. ಸೇತುವೆಯ ನಡುವೆ ನದಿಯನ್ನು ನೋಡಲು ಇಂದಿಗೂ ತೆರಪು ಇದೆ. ನಮ್ಮ ಶಾಲೆಯೂ ಮೇಲಿರಲಿ, ದಾರಿ ಕೆಳಗಿರಲಿ. 1593ರಲ್ಲಿ ಕಟುಕರನ್ನು ಅಲ್ಲಿಂದ ತೆಗೆಸಿ ಅಕ್ಕಸಾಲಿಗರಿಗೆ ಸ್ಥಳ ಕೊಡಲಾಯಿತೆಂಬುದನ್ನು ನೆನೆದು, ಬಣ್ಣದ ಕೊಳೆನೀರು ಹೊಳೆಗೆ ಸೇರದಂತೆ ಕೊಳವೆಯ ಮೂಲಕ ದಂಡೆಗೆ ಸಾಗಿಸೋಣ.

ಕಡೆಯದು ಹಳೆಯ ನಗರದ ಗೌರವ. 1944ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯವು ಈ ಸೇತುವೆಯೊಂದನ್ನುಳಿದು ನಗರದ ಇತರ ಸೇತುವೆಗಳನ್ನೆಲ್ಲ ಉರುಳಿಸಿತು. ನೆರೆಯ ಸಾಂತಾ ತ್ರಿನಿತಾ ಸೇತುವೆಯನ್ನು ನಾಗರಿಕರು ನದಿಯಿಂದೆತ್ತಿದ ಕಲ್ಲುಗಳನ್ನೂ ಬಳಸಿ ಮೊದಲಿನ ರೂಪದಲ್ಲಿಯೇ ಮತ್ತೆ ಕಟ್ಟಿಸಿದರು. 1966ರ ನವೆಂಬರ್ 4ರ ಪ್ರವಾಹದಲ್ಲಿ ದಂಡೆಯ ರಾಷ್ಟ್ರೀಯ ಗ್ರಂಥಾಲಯದ ಅಸಂಖ್ಯ ಪುಸ್ತಕಗಳು ಕೆಸರುಪಾಲಾದವು. ಆದುದರಿಂದ ಚಿತ್ರಗಳೂ ಗ್ರಂಥಗಳೂ ಮೇಲಂತಸ್ತಿನಲ್ಲಿಯೇ ಇರಬೇಕು.

ವಿದ್ಯಾರ್ಥಿಗಳು ತಮ್ಮೂರ ಸೇತುವೆಯೊಂದನ್ನು ಆರಿಸಿ ಇಂತಹ ನಕ್ಷೆಯೊಂದನ್ನು ಬರೆದು ನೋಡಲಿ. ಕಟ್ಟಡದ ಗೆರೆಯನ್ನೆಳೆಯುವ ಮುನ್ನ ಪ್ರವಾಹದ ನೀರು ಏರುವ ಮಟ್ಟವನ್ನು ಗುರುತಿಸಲಿ. ಉಳಿದುದೆಲ್ಲವನ್ನೂ ಆ ಗೆರೆಯ ಮೇಲಿನಿಂದಲೇ ಆರಂಭಿಸಬೇಕು.