ಬಲ್ಬು ಬದಲಿಸಿ, ಬೀಮ್ ಹೊಂದಿಸಿ: ಪಿಕಪ್ ಓಡಿಸುವವರಿಗೆ 7 ಸೂತ್ರಗಳು

ಬೆಳಗಿನ ಜಾವ ಕನಕಪುರದ ಕಡೆಯಿಂದ ತರಕಾರಿ ತುಂಬಿಕೊಂಡು ಸಾರಕ್ಕಿ ಮಾರ್ಕೆಟ್‌ಗೆ ಬರುತ್ತೀರಾ? ರಾತ್ರಿ ಹನ್ನೊಂದರ ಮೇಲೆ ಬಿಟಿಎಂ ಲೇಔಟ್‌ನಲ್ಲಿ ಮನೆ ಸಾಮಾನು ಶಿಫ್ಟಿಂಗ್ ಮಾಡುತ್ತೀರಾ? ಹಾಗಿದ್ದರೆ ನಿಮ್ಮ ಸಂಪಾದನೆ ಹೆಡ್‌ಲೈಟ್ ಮೇಲೆ ನಿಂತಿದೆ. ಒಂದು ಗಾಡಿಯನ್ನು ಎರಡು ಮಾಡುವ ಗುರಿ ಇದ್ದರೆ ಈ ಕೆಲಸ ಕಲಿಯಿರಿ. ಬೇಕಿರುವುದು ಹೆಚ್ಚು ವಾಟ್ ಅಲ್ಲ, ಸರಿಯಾದ ದಿಕ್ಕು.

1. "ನನಗೆ ಬರಲ್ಲ" ಅನ್ನುವುದನ್ನು ಇವತ್ತೇ ಬಿಡಿ.
ಅದು ಬರೀ ಅಭ್ಯಾಸ. ಸ್ಟೆಪ್ನಿ ಹಾಕಲು ಬರುವವರಿಗೆ ಬಲ್ಬು ಹಾಕಲೂ ಬರುತ್ತದೆ. ನೈಸ್ ರೋಡ್ ಮಧ್ಯೆ ಲೈಟ್ ಹೋದಾಗ ಎಲೆಕ್ಟ್ರಿಷಿಯನ್‌ಗಾಗಿ ಕಾಯುವವನ ಬಾಡಿಗೆ ಇನ್ನೊಬ್ಬನಿಗೆ ಹೋಗುತ್ತದೆ.

2. ಮ್ಯಾನುಯಲ್ ನೋಡಿಯೇ ಬಲ್ಬು ಕೊಳ್ಳಿ.
ಹ್ಯಾಲೋಜನ್ ಲೈಟಿನ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಚ್4 ಬಲ್ಬು: 12 ವೋಲ್ಟ್, 60/55 ವಾಟ್. ಹೈ ಬೀಮ್‌ಗೆ 60, ಲೋ ಬೀಮ್‌ಗೆ 55. ಜೆ.ಸಿ. ರೋಡ್‌ನಲ್ಲಿ ಯಾರಾದರೂ 100/90 ತೋರಿಸಿದರೆ ಬೇಡ ಅನ್ನಿ. 60 ವಾಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. 100 ವಾಟಿನದು 8ಕ್ಕೂ ಹೆಚ್ಚು. ಕಂಪನಿ ವೈರಿಂಗ್ ಆ ಬಿಸಿಗೆ ಮಾಡಿದ್ದಲ್ಲ. ಮೊದಲು ಹೋಲ್ಡರ್ ಕರಗುತ್ತದೆ, ಆಮೇಲೆ ರಿಫ್ಲೆಕ್ಟರ್ ಮಂಕಾಗುತ್ತದೆ. ಎರಡೂ ಬಲ್ಬು ಒಟ್ಟಿಗೇ ಬದಲಿಸಿ. ಒಟ್ಟಿಗೆ ಹಾಕಿದ್ದರೆ ಇನ್ನೊಂದರ ಆಯಸ್ಸೂ ಮುಗಿಯುತ್ತಾ ಬಂದಿರುತ್ತದೆ.

3. ಗಾಜು ಮುಟ್ಟಬೇಡಿ.
ಲೈಟ್ ಆಫ್ ಮಾಡಿ, ಬಲ್ಬು ತಣ್ಣಗಾಗಲು ಬಿಡಿ. ಹಿಂದಿನ ಮೂರು ಪಿನ್ ಸಾಕೆಟ್ ಎಳೆಯಿರಿ. ರಬ್ಬರ್ ಕವರ್ ಬಿಚ್ಚಿ. ತಂತಿ ಕ್ಲಿಪ್ ಒತ್ತಿ ಸರಿಸಿ, ಹಳೆಯದನ್ನು ತೆಗೆಯಿರಿ. ಹೊಸದನ್ನು ಲೋಹದ ಬುಡ ಹಿಡಿದೇ ಕೂರಿಸಿ. ಬೆರಳಿನ ಎಣ್ಣೆ ಗಾಜಿಗೆ ಅಂಟಿದರೆ ಆ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಬುಡದಲ್ಲಿ ಮೂರು ಕಿವಿಗಳಿರುತ್ತವೆ, ಅಗಲವಾದದ್ದು ಮೇಲೆ ಬರಬೇಕು. ವಾರೆಯಾಗಿ ಕೂತ ಬಲ್ಬನ್ನು ಯಾವ ಸ್ಕ್ರೂ ತಿರುಗಿಸಿದರೂ ಸರಿಮಾಡಲಾಗದು. ರಬ್ಬರ್ ಕವರ್ ಬಿಗಿಯಾಗಿ ಮುಚ್ಚಿ, ಇಲ್ಲದಿದ್ದರೆ ಮಳೆ ನೀರು ಒಳಗೆ ಸೇರುತ್ತದೆ.

4. ಗೋಡೆಯ ಮುಂದೆ ಬೀಮ್ ಸೆಟ್ ಮಾಡಿ.
ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದೇ. ನೀವು ಮುಂದೆ ಹೋಗುವುದೂ ಇಲ್ಲೇ. ಜಯನಗರ, ಬನಶಂಕರಿಯ ಎಷ್ಟೋ ರಸ್ತೆಗಳು ಇಳಿಜಾರು, ಅಲ್ಲಿ ಬೇಡ. ರಾತ್ರಿ ಖಾಲಿ ಇರುವ ಪೆಟ್ರೋಲ್ ಬಂಕ್‌ನಲ್ಲಿ ಕೇಳಿ ನೋಡಿ: ಸಮತಟ್ಟಾದ ಕಾಂಕ್ರೀಟು, ಹಿಂದೆ ಕಾಂಪೌಂಡ್ ಗೋಡೆ, ಪಕ್ಕದಲ್ಲೇ ಗಾಳಿ. ಮೊದಲು ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿಸಿ. ಲ್ಯಾಂಪಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆ ಎಂದು ಟೇಪ್ ಹಿಡಿದು ಅಳೆಯಿರಿ. ಗೋಡೆಯಿಂದ 5 ಮೀಟರ್ ದೂರದಲ್ಲಿ ಗಾಡಿ ನೇರವಾಗಿ ನಿಲ್ಲಿಸಿ, ಅದೇ ಎತ್ತರಕ್ಕೆ ಗೋಡೆಯ ಮೇಲೆ ಗುರುತು ಹಾಕಿ. ಲೋ ಬೀಮ್ ಆನ್ ಮಾಡಿ. ಒಂದು ಲ್ಯಾಂಪ್ ಮುಚ್ಚಿ, ಇನ್ನೊಂದನ್ನು ಅದರ ಸ್ಕ್ರೂ ತಿರುಗಿಸಿ ಹೊಂದಿಸಿ. ಬೆಳಕಿನ ಮೇಲಂಚು ಗುರುತಿಗಿಂತ 5ರಿಂದ 7 ಸೆಂ.ಮೀ. ಕೆಳಗಿರಬೇಕು. ಲ್ಯಾಂಪಿನ ಮೇಲೆ ಶೇಕಡಾ ಅಂಕಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಿ.

ಇಷ್ಟು ಕರಾರುವಾಕ್ಕು ಏಕೆ? ಲೆಕ್ಕ ಹಾಕಿ. ಲ್ಯಾಂಪ್ 75 ಸೆಂ.ಮೀ. ಎತ್ತರದಲ್ಲಿದ್ದು ಬೀಮ್ 5 ಸೆಂ.ಮೀ. ಇಳಿದಿದ್ದರೆ ಬೆಳಕು 75 ಮೀಟರ್‌ವರೆಗೆ ಹೋಗುತ್ತದೆ. 10 ಸೆಂ.ಮೀ. ಇಳಿದರೆ 37 ಮೀಟರಿಗೇ ಮುಗಿಯಿತು. ಇಳಿಯದೇ ಇದ್ದರೆ ಎದುರು ಬರುವ ಸ್ಕೂಟರಿನವರ ಕಣ್ಣಿಗೆ ಹೊಡೆಯುತ್ತದೆ. ಮೇಲಂಚು ಬಲಕ್ಕೆ ಸಮವಾಗಿದ್ದು ಎಡಕ್ಕೆ ಏರಿರಬೇಕು. ಎಡಬದಿಯಲ್ಲಿ ನಡೆದು ಹೋಗುವವರು ಕಾಣುವುದು ಆ ಏರಿಕೆಯಿಂದಲೇ.

5. ಲೋಡು ಹಾಕಿ ಮತ್ತೆ ನೋಡಿ.
ಪಿಕಪ್ ಕಾರಿನಂತಲ್ಲ. ಟೊಮೆಟೊ ಕ್ರೇಟು ತುಂಬಿದ ಮೇಲೆ ಹಿಂಭಾಗ ಕುಸಿಯುತ್ತದೆ, ಮೂಗು ಎದ್ದು ಬೀಮ್ ಮೇಲಕ್ಕೇರುತ್ತದೆ. ಖಾಲಿ ಗಾಡಿಯಲ್ಲಿ ಮಾಡಿದ ಸೆಟ್ಟಿಂಗ್ ಆಗ ಕೆಟ್ಟಿತು ಎಂದೇ ಅರ್ಥ. ಡ್ಯಾಶ್‌ಬೋರ್ಡ್‌ನಲ್ಲಿ ಲೆವೆಲಿಂಗ್ ಸ್ವಿಚ್ ಇದ್ದರೆ 0 ಇಟ್ಟು ಖಾಲಿ ಗಾಡಿಗೆ ಹೊಂದಿಸಿ. ತುಂಬಿದಾಗ ಯಾವ ನಂಬರ್ ಬೇಕು ಎಂದು ಅದೇ ಗೋಡೆಯ ಮುಂದೆ ಕಂಡುಕೊಳ್ಳಿ. ಸ್ವಿಚ್ ಇಲ್ಲವೇ? ರಾತ್ರಿ ನೀವು ಸಾಮಾನ್ಯವಾಗಿ ಹೇರುವ ಲೋಡಿಗೇ ಸೆಟ್ ಮಾಡಿ. ಖಾಲಿ ಬರುವಾಗ ಬೆಳಕು ಹತ್ತಿರಕ್ಕೆ ಬೀಳುತ್ತದೆ, ಆಗ ಸ್ಪೀಡ್ ಇಳಿಸಿ.

6. ಎಲ್‌ಇಡಿ ಬಲ್ಬಿನ ಆಸೆ ಗೆಲ್ಲಿ.
ಎಚ್4 ಲ್ಯಾಂಪಿನ ರಿಫ್ಲೆಕ್ಟರ್ ತಯಾರಾಗಿರುವುದು ಆ ಸಣ್ಣ ತಂತಿ ಇರುವ ಜಾಗಕ್ಕೆ. ಅಲ್ಲಿ ಬೇರೆ ಆಕಾರದ ಎಲ್‌ಇಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿ. ಗೋಡೆಯ ಮೇಲೆ ಗೆರೆಯೇ ಮೂಡದಿದ್ದರೆ ಹೊಂದಿಸುವುದು ಏನನ್ನು? ಕಣ್ಣು ಕುಕ್ಕುವ ಲೈಟುಗಳ ಮೇಲೆ 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ಕೇಸು ಹಾಕಿದರು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 106ನೇ ನಿಯಮವೂ ಬೆಳಕು ಕೆಳಕ್ಕೆ ಬಾಗಿರಲೇಬೇಕು ಎನ್ನುತ್ತದೆ. ಎಫ್‌ಸಿಗೆ ಹೋದಾಗಲೂ ಹೆಡ್‌ಲೈಟ್ ನೋಡುತ್ತಾರೆ.

7. ಬಲ್ಬು ಪದೇ ಪದೇ ಹೋಗುತ್ತಿದ್ದರೆ ಮಲ್ಟಿಮೀಟರ್ ಹಿಡಿಯಿರಿ.
ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. 15 ದಾಟಿದರೆ ಚಾರ್ಜಿಂಗ್ ಕೆಟ್ಟಿದೆ. ಒಂದೇ ಕಡೆ ಬೆಳಕು ಮಂಕಾಗಿದ್ದರೆ ಆ ಬದಿಯ ಅರ್ತ್ ವೈರಿನ ತುಕ್ಕು ಕೆರೆದು, ಬೋಲ್ಟ್ ಬಿಗಿ ಮಾಡಿ, ಮತ್ತೆ ಲೈಟ್ ಹಾಕಿ ನೋಡಿ.