ಕಂಟೇನರ್ ಏಳದಿದ್ದರೆ ಗಾಬರಿ ಬೇಡ

ಹಳೆಯ ಸರ್ವರ್ ಒಂದನ್ನು ಡೆಬಿಯನ್ 9ರಿಂದ 10ಕ್ಕೆ ಏರಿಸಿದ್ದೀರಿ. ನಿನ್ನೆವರೆಗೆ ಚೆನ್ನಾಗಿದ್ದ ಎಲ್‌ಎಕ್ಸ್‌ಸಿ ಕಂಟೇನರ್ ಏಳುತ್ತಲೇ ಇಲ್ಲ. ಡೇಟಾ ಹೋಯಿತೆಂದು ಎದೆ ಒಡೆದುಕೊಳ್ಳಬೇಡಿ. ಬಹುಪಾಲು ದೋಷ ಇರುವುದು ಕಾನ್ಫಿಗ್ ಫೈಲಿನಲ್ಲಿ.

2017ರ 2.1 ಆವೃತ್ತಿಯಲ್ಲಿ ಎಲ್‌ಎಕ್ಸ್‌ಸಿ ತನ್ನ ಸೆಟ್ಟಿಂಗ್‌ಗಳ ಹೆಸರುಗಳನ್ನು ಬದಲಿಸಿತು. ಹಳೆಯವು ಆಗಲೂ ನಡೆಯುತ್ತಿದ್ದವು, ಎಚ್ಚರಿಕೆಯೊಂದಿಗೆ. ಆ ಎಚ್ಚರಿಕೆಯನ್ನು ಓದುವವರು ಯಾರು! 2018ರ 3.0ರಲ್ಲಿ ಹಳೆಯ ಹೆಸರುಗಳನ್ನು ಪೂರ್ತಿ ಕಿತ್ತುಹಾಕಿದರು; ಡೆಬಿಯನ್ 10ರಲ್ಲಿರುವುದು ಅದರ ನಂತರದ ಆವೃತ್ತಿ. 'ನೆಟ್‌ವರ್ಕ್.ಟೈಪ್' ಈಗ 'ನೆಟ್.0.ಟೈಪ್', 'ರೂಟ್‌ಎಫ್‌ಎಸ್' ಹಿಂದೆ 'ಪಾತ್' ಸೇರಿದೆ, 'ಯುಟಿಎಸ್‌ನೇಮ್' ನಡುವೆ ಒಂದು ಚುಕ್ಕೆ ಬಂದಿದೆ. ಅಷ್ಟಕ್ಕೇ ಕಂಟೇನರ್ ಮುಷ್ಕರ ಹೂಡುತ್ತದೆ.

ಕೈಯಿಂದ ತಿದ್ದುವ ಸಾಹಸ ಬೇಡ. 'ಎಲ್‌ಎಕ್ಸ್‌ಸಿ-ಅಪ್‌ಡೇಟ್-ಕಾನ್ಫಿಗ್' ಎಂಬ ಉಪಕರಣ ಜೊತೆಗೇ ಬರುತ್ತದೆ. 'ಸಿ' ಆಯ್ಕೆಯೊಂದಿಗೆ ಫೈಲಿನ ದಾರಿ ಕೊಟ್ಟರೆ ಹೆಸರುಗಳನ್ನು ತಾನೇ ಬದಲಿಸುತ್ತದೆ, ಹಳೆಯ ಪ್ರತಿಯನ್ನು 'ಬ್ಯಾಕಪ್' ಬಾಲದೊಂದಿಗೆ ಪಕ್ಕದಲ್ಲೇ ಉಳಿಸುತ್ತದೆ. ಆದರೂ ನಿಮ್ಮದೊಂದು ನಕಲು ಬೇರೆಡೆ ಇರಲಿ. ನೀವು ಕೊಟ್ಟ ಫೈಲನ್ನಷ್ಟೇ ಅದು ಮುಟ್ಟುತ್ತದೆ. 'ಇನ್‌ಕ್ಲೂಡ್' ಸಾಲುಗಳು ಎಳೆದು ತರುವ ಫೈಲುಗಳನ್ನು ನೀವೇ ನೋಡಬೇಕು. ಸಾಧ್ಯವಿದ್ದರೆ ಇದನ್ನೆಲ್ಲ ಮೊದಲು ಒಂದೇ ಕಂಟೇನರ್ ಮೇಲೆ ಮಾಡಿ, ಅದು ಎದ್ದ ಮೇಲೆ ಉಳಿದವುಗಳಿಗೆ ಕೈಹಾಕಿ.